ರಬ್ಬರ್ ಚಪ್ಪಲಿ ಹಾಕಿದ್ದರೆ ಸಿಡಿಲು ಹೊಡೆಯಲ್ವಾ?

ಪ್ರಶ್ನೆ: ಭಾನುವಾರ ಮಕ್ಕಳನ್ನು ಕರ್ಕೊಂಡು ಹೆಸರಘಟ್ಟದ ಕಡೆ ಒಂದು ಕೆರೆಗೆ ಗಾಳ ಹಾಕೋಕೆ ಹೊರಟಿದ್ದೀವಿ. ದಿನಾ ಸಂಜೆ ಗುಡುಗು ಮಳೆ ಬರ್ತಿದೆ. ಎಲ್ಲರಿಗೂ ರಬ್ಬರ್ ಚಪ್ಪಲಿ ಹಾಕಿಸ್ತೀವಿ, ಏರಿ ಪಕ್ಕದಲ್ಲೇ ದೊಡ್ಡ ಆಲದ ಮರವೂ ಇದೆ. ತೊಂದರೆ ಇಲ್ಲ ಅಲ್ವಾ?

ಇದೆ.

ಭರಣಿ ಮಳೆ ಕೈಕೊಟ್ಟರೂ ಕೊಡಬಹುದು, ಈ ಪ್ರಶ್ನೆ ಮಾತ್ರ ಪ್ರತಿ ಬೇಸಿಗೆಯಲ್ಲೂ ತಪ್ಪದೇ ಬರುತ್ತದೆ. ಒಂದು ವರ್ಷ ಚಪ್ಪಲಿ, ಇನ್ನೊಂದು ವರ್ಷ ಗಮ್‌ಬೂಟು, ಮತ್ತೊಂದು ವರ್ಷ ಕೂರೋಕೆ ರಬ್ಬರ್ ಮ್ಯಾಟು. ನನ್ನ ಉತ್ತರ ಬದಲಾಗಿಲ್ಲ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಕೆರೆಗೆ ಹೋಗಿ, ಬೇಡ ಅನ್ನುವುದಿಲ್ಲ. ಬೆಳಿಗ್ಗೆ ಬೆಳಕು ಹರಿಯುವಾಗ ಹೋಗಿ, ಊಟದ ಹೊತ್ತಿಗೆ ಗಂಟುಮೂಟೆ ಕಟ್ಟಿ. ಬೇಸಿಗೆಯಲ್ಲಿ ನಮ್ಮೂರಿನ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆಯೇ ಬರುತ್ತದೆ. ನೆಲ ಕಾದು, ಬಿಸಿಗಾಳಿ ಮೇಲೇರಿ, ಮೋಡ ಕಟ್ಟಲು ಅಷ್ಟು ಹೊತ್ತು ಬೇಕು. ಆ ಕೆರೆಯ ಮೀನು ಯಾರಿಗೆ ಟೆಂಡರ್ ಆಗಿದೆ ಅಂತಲೂ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಮೋಡಕ್ಕಿಂತ ಮುಂಚೆ ಟೆಂಡರ್‌ನವರು ಗುಡುಗುತ್ತಾರೆ.

ಈಗ ಚಪ್ಪಲಿ ವಿಷಯ.

ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮೆಲ್ಲರ ಅಮ್ಮಂದಿರಿಂದ. ‘ಒದ್ದೆ ಕಾಲಲ್ಲಿ ಫ್ರಿಜ್ ಮುಟ್ಟಬೇಡ, ಚಪ್ಪಲಿ ಮೆಟ್ಕೊಂಡು ಗೀಸರ್ ಹಾಕು.’ ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ಮನೆಯ ಕರೆಂಟು 230 ವೋಲ್ಟ್. ಅದು ಮೈಮೂಲಕ ನೆಲಕ್ಕೆ ಇಳಿಯದಂತೆ ತಡೆಯಲು ಒಣಗಿದ ರಬ್ಬರ್ ಚಪ್ಪಲಿ ಎಷ್ಟೋ ಸಲ ಸಾಕು. ನಾವು ಅದೇ ಚಪ್ಪಲಿಯನ್ನು ಆಕಾಶದ ಮುಂದೆ ಹಿಡಿಯುತ್ತೇವೆ ನೋಡಿ, ಎಡವಟ್ಟಾಗುವುದು ಅಲ್ಲೇ.

ಲೆಕ್ಕ ಹಾಕೋಣ. ಗಾಳಿಯೂ ಕರೆಂಟನ್ನು ತಡೆಯುತ್ತದೆ. ಒಂದು ಸೆಂಟಿಮೀಟರ್ ಒಣಗಾಳಿಯನ್ನು ಸೀಳಿಕೊಂಡು ಕಿಡಿ ಹಾರಬೇಕಾದರೆ ಸುಮಾರು 30,000 ವೋಲ್ಟ್ ಬೇಕು. ರಬ್ಬರ್ ಗಾಳಿಗಿಂತ ಗಟ್ಟಿಗ. ಇಪ್ಪತ್ತು ಪಟ್ಟು ಗಟ್ಟಿ ಅಂತಲೇ ಇಟ್ಟುಕೊಳ್ಳಿ, ಚಪ್ಪಲಿಯ ಪರವಾಗಿಯೇ ತೀರ್ಪು ಕೊಡೋಣ. ನಿಮ್ಮ ಹವಾಯಿ ಚಪ್ಪಲಿಯ ಅಟ್ಟೆ ಒಂದೂವರೆ ಸೆಂಟಿಮೀಟರ್ ಇದ್ದೀತು. ಅಂದರೆ ಅದು 30 ಸೆಂಟಿಮೀಟರ್ ಗಾಳಿಗೆ ಸಮ. ಸ್ಕೂಲಿನ ಸ್ಕೇಲಿನಷ್ಟು ಉದ್ದ. ಸಿಡಿಲು ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿಕೊಂಡು ಕೆಳಗಿಳಿದು ಬಂದಿರುತ್ತದೆ. ಕೊನೆಯ ಒಂದು ಸ್ಕೇಲಿನಷ್ಟು ದೂರಕ್ಕೆ ಹೆದರಿ ವಾಪಸ್ ಹೋಗುತ್ತದಾ? ಅದೂ ಮಳೆಯಲ್ಲಿ ತೊಯ್ದು, ಕೆಸರು ಮೆತ್ತಿದ ಚಪ್ಪಲಿಗೆ? ರಬ್ಬರನ್ನು ತೂತು ಮಾಡುವ ಕಷ್ಟವೂ ಅದಕ್ಕೆ ಬೇಕಿಲ್ಲ. ಒದ್ದೆ ಅಂಚಿನ ಮೇಲಿಂದ ಹಾದು ನೆಲ ಸೇರುತ್ತದೆ.

ಇಷ್ಟು ಹೇಳಿದ ಮೇಲೂ ಒಬ್ಬರು ಕೈ ಎತ್ತುತ್ತಾರೆ. ‘ಹಾಗಾದ್ರೆ ಕಾರಲ್ಲಿ ಕೂತವರಿಗೆ ಯಾಕೆ ಏನೂ ಆಗಲ್ಲ? ಟೈರ್ ರಬ್ಬರ್ ಅಲ್ವಾ?’ ಟೈರ್ ಸುಮ್ನೆ ಹೆಸರು ತಗೊಂಡಿದೆ, ಕೆಲಸ ಮಾಡುವುದು ಮೇಲಿನ ಲೋಹದ ಕವಚ. ಕರೆಂಟು ಅದರ ಹೊರಮೈಯಲ್ಲೇ ಹರಿದು, ಟೈರನ್ನು ದಾಟಿ ನೆಲಕ್ಕೆ ಹೋಗುತ್ತದೆ. ಟೈರೇ ಕಾಪಾಡುವುದಾಗಿದ್ದರೆ ಸ್ಕೂಟರ್ ಮೇಲೆ ಕೂತವರೂ ಬಚಾವಾಗಬೇಕಿತ್ತು. ಆಗುವುದಿಲ್ಲ. ಬಟ್ಟೆ ಟಾಪಿನ ಆಟೋವನ್ನೂ ನಂಬಬೇಡಿ. ಕಾರಿನಲ್ಲಿ ಗಾಜು ಏರಿಸಿ, ಲೋಹದ ಭಾಗ ಮುಟ್ಟದೆ ಕೂರಿ.

ಇದೆಲ್ಲ ನಮ್ಮ ಭಾವನವರಿಗೂ ಗೊತ್ತು, ನಾನೇ ಹೇಳಿದ್ದೇನೆ. ಒಂದು ಮೇ ತಿಂಗಳ ಸಂಜೆ ಊರಾಚೆಯ ಕೆರೆ ಏರಿ ಮೇಲಿದ್ದೆವು. ಅಕ್ಕ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದಳು. ಮಕ್ಕಳು ಮೈದಾ ಹಿಟ್ಟಿನ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸುತ್ತಿದ್ದರು. ದೂರದಲ್ಲಿ ಗುಡುಗಿತು. ‘ಏಳಿ ಭಾವ’ ಅಂದೆ. ‘ಈಗ ತಾನೇ ಜಿಲೇಬಿ ಮೀನು ಕಚ್ಚೋಕೆ ಶುರುಮಾಡಿದೆ, ಇನ್ನೈದು ನಿಮಿಷ ಇರೋ’ ಅಂದರು. ಬೆಂಡು ನಿಜಕ್ಕೂ ಕುಣಿಯುತ್ತಿತ್ತು. ಅಷ್ಟರಲ್ಲಿ ಅವರ ಹೊಸ ಕಾರ್ಬನ್ ಕೋಲಿನ ತುದಿಯಿಂದ ‘ಜುಯ್’ ಅಂತ ಜೇನು ಹಾರಿದ ಹಾಗೆ ಸದ್ದು ಬಂತು. ನನ್ನ ಮುಂಗೈಯ ರೋಮ ನೆಟ್ಟಗೆ ನಿಂತಿತು. ಕೋಲು ಬಿಸಾಡಿಸಿ, ಮಕ್ಕಳ ರಟ್ಟೆ ಹಿಡಿದು ಎಲ್ಲರೂ ಕಾರಿಗೆ ಓಡಿದೆವು. ಬಾಗಿಲು ಹಾಕಿ ನಿಮಿಷವಾಗಿರಲಿಲ್ಲ, ಏರಿಯ ಆಚೆ ತುದಿಯ ನೀಲಗಿರಿ ಮರಕ್ಕೆ ಹೊಡೆಯಿತು. ಒಳಗಿನ ನೀರು ಒಂದೇ ಏಟಿಗೆ ಆವಿಯಾಗಿ, ನೆತ್ತಿಯಿಂದ ಬುಡದವರೆಗೆ ಒಂದು ಪಟ್ಟಿ ತೊಗಟೆ ಸಿಡಿದುಹೋಗಿತ್ತು. ಭಾವ ಉಸಿರು ಬಿಟ್ಟು ಕಾಲು ನೋಡಿಕೊಂಡರು. ‘ಸದ್ಯ, ಚಪ್ಪಲಿ ಹಾಕಿದ್ದೆ’ ಅಂದರು.

ಇವರಿಗೆ ಏನು ಹೇಳುವುದು?

ಆ ಮರವನ್ನು ನೋಡಿದ ಮೇಲೆ ನಿಮ್ಮ ಆಲದ ಮರದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮರಕ್ಕೆ ಹೊಡೆದ ಸಿಡಿಲು ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ಹಾರಬಹುದು, ಬುಡದ ನೆಲದಲ್ಲೂ ಹರಡುತ್ತದೆ. ಮರದಡಿ ನಿಂತ ದನಗಳು ಒಟ್ಟಿಗೆ ಸಾಯುವುದು ಹೀಗೆಯೇ. ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ಕರೆಂಟು ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ಹಾಗಂತ ಏರಿ ಮೇಲೆ ನಿಲ್ಲುವುದೂ ಬೇಡ. ಒಂದು ಕಡೆ ನೀರು, ಇನ್ನೊಂದು ಕಡೆ ಬಯಲು, ಮಧ್ಯೆ ಕೋಲು ಎತ್ತಿ ಹಿಡಿದ ನೀವೇ ಎತ್ತರ. ತೆಪ್ಪದಲ್ಲಿದ್ದರಂತೂ ಕೇಳುವುದೇ ಬೇಡ.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಕಾರಿಗೋ ಪಕ್ಕಾ ಕಟ್ಟಡಕ್ಕೋ ಹೋಗಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ‘ಅರ್ಜುನ, ಫಲ್ಗುಣ, ಪಾರ್ಥ’ ಅಂತ ಅಜ್ಜಿ ಕಲಿಸಿದ್ದನ್ನು ಹೇಳಿಕೊಳ್ಳಿ, ಬೇಡ ಅನ್ನಲ್ಲ, ಒಳಗೆ ಕೂತು ಹೇಳಿಕೊಳ್ಳಿ. ಫೋನಿನಲ್ಲಿ ‘ದಾಮಿನಿ’ ಆ್ಯಪ್ ಇರಲಿ, ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ್ದು. ಮೊಬೈಲು ಸಿಡಿಲನ್ನು ಎಳೆಯುತ್ತದೆ ಅನ್ನುವುದು ಇನ್ನೊಂದು ಪುರಾಣ, ಅದಕ್ಕೆ ಇನ್ನೊಂದು ದಿನ ಸಿಟ್ಟಾಗುತ್ತೇನೆ. ಯಾರಿಗಾದರೂ ಸಿಡಿಲು ಹೊಡೆದರೆ ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ನೀವು ಕೇಳಲಿಲ್ಲ, ಆದರೆ ಮಕ್ಕಳು ಕೇಳುತ್ತಾರೆ. ಕೆರೆಗೇ ಸಿಡಿಲು ಬಡಿದರೆ ಮೀನೆಲ್ಲ ಸಾಯಲ್ವಾ? ಬಡಿದ ಜಾಗದ ಹತ್ತಿರ, ಮೇಲೆಮೇಲೆ ಇದ್ದವು ಸಾಯಬಹುದು. ಕರೆಂಟು ಹೆಚ್ಚಾಗಿ ನೀರಿನ ಮೇಲ್ಪದರದಲ್ಲೇ ಹರಡಿಕೊಳ್ಳುತ್ತದೆ, ಆಳದಲ್ಲಿರುವ ಮೀನುಗಳಿಗೆ ಅಷ್ಟು ತಟ್ಟುವುದಿಲ್ಲ.

ಮಳೆಯ ಮಾರನೇ ದಿನ ನಮ್ಮ ಕೆರೆಗಳಲ್ಲಿ ರಾಶಿ ಮೀನು ಸತ್ತು ತೇಲಿದರೆ ‘ರಾತ್ರಿ ಸಿಡಿಲು ಬಿತ್ತು’ ಅನ್ನುವವರು ಇದ್ದಾರೆ. ಆಕಾಶ ನೋಡಬೇಡಿ, ರಾಜಕಾಲುವೆ ನೋಡಿ. ಮೊದಲ ಜೋರು ಮಳೆ ರಸ್ತೆಯ ಕೊಳೆ, ಚರಂಡಿ ನೀರು ಎಲ್ಲವನ್ನೂ ಕೆರೆಗೆ ತಳ್ಳುತ್ತದೆ, ತಳದ ಹೂಳನ್ನೂ ಕದಡುತ್ತದೆ. ಆ ಕೊಳೆ ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖಾಲಿಯಾಗುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗಲೂ ಬೆರಳು ತೋರಿಸಿದ್ದು ಚರಂಡಿ ನೀರು ಮತ್ತು ಆಮ್ಲಜನಕದ ಕೊರತೆಯ ಕಡೆಗೇ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಹಸಿವಾಗಿದೆ ಅಂತ ಗಾಳ ಹಾಕಬೇಡಿ. ಅವು ಉಸಿರಿಗೆ ಒದ್ದಾಡುತ್ತಿರುತ್ತವೆ. ತೇಲಿದ ಮೀನನ್ನು ಮನೆಗೆ ತರಬೇಡಿ, ಬೆಕ್ಕಿಗೂ ಹಾಕಬೇಡಿ.