ಮಾನವ ಕೇಂದ್ರಿತ ಎಐ: ಕನ್ನಡದಲ್ಲಿ ಮಾತಾಡಿದರೆ ಸಾಕಾ?

ಕಲಬುರಗಿ ಕಡೆ ರೈತರಿಗೆ ಅಂತ ಹೊಸ ಆ್ಯಪ್ ಬಂದರೆ ಸಾಕು, ‘ಮಾನವ ಕೇಂದ್ರಿತ ಎಐ’ ಅಂತ ಹೆಸರು ಹಚ್ಚಿಬಿಡುತ್ತಾರೆ. ಯಾಕೆ ಅಂದರೆ, ಕನ್ನಡದಲ್ಲಿ ಮಾತಾಡುತ್ತೆ, ಬಟನ್ ದೊಡ್ಡದಿವೆ ಅಂತಾರೆ. ಅದು ಬಳಸಲು ಸುಲಭ ಅಷ್ಟೇ. ಬೇಕಾದದ್ದೇ, ಆದರೆ ಈ ಹೆಸರಿಗೆ ಅಷ್ಟು ಸಾಲದು.

ವಿನ್ಯಾಸದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9241-210, 2010ರಲ್ಲಿ ಮೊದಲು ಬಂದದ್ದು, ‘ಬಳಕೆದಾರ ಕೇಂದ್ರಿತ’ ಅನ್ನದೆ ‘ಮಾನವ ಕೇಂದ್ರಿತ’ ಅಂತ ಬೇಕಂತಲೇ ಬರೆಯುತ್ತದೆ. ಬಳಸದವರ ಮೇಲೂ ಪರಿಣಾಮ ಆಗುತ್ತೆ, ಅವರನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನೋದು ಕಾರಣ. ಫೋನ್ ಹಿಡಿದವರು ಒಬ್ಬರು, ತಪ್ಪಾದರೆ ಅನುಭವಿಸುವವರು ಇನ್ನೊಬ್ಬರು. ಈ ಇನ್ನೊಬ್ಬರನ್ನೇ ಎಲ್ಲರೂ ಮರೆಯೋದು.

ಹೊಲದಾಗ ತೊಗರಿ ಒಣಗುತ್ತಿದೆ ಅಂದುಕೊಳ್ಳಿ. ಎಲೆಯ ಫೋಟೊ ಹಾಕಿದರೆ ಆ್ಯಪ್ ಒಂದು ರೋಗ, ಒಂದು ಔಷಧ ಹೇಳುತ್ತದೆ. ಆದರೆ ತೊಗರಿ ಗಿಡ ಒಣಗಿಸುವ ನೆಟೆ ರೋಗ ಮಣ್ಣಿನ ಶಿಲೀಂಧ್ರದಿಂದ ಬರುವಂಥದ್ದು. ಅದು ನೆಟೆಯೋ, ನೀರು ನಿಂತು ಬೇರು ಕೊಳೆತದ್ದೋ, ತೇವ ಸಾಲದೆ ಬಾಡಿದ್ದೋ, ಬರೀ ಎಲೆ ನೋಡಿ ಹೇಳೋದು ಕಷ್ಟ. ಗಿಡ ಕಿತ್ತು, ಬುಡದ ಹತ್ತಿರ ಕಾಂಡ ಸೀಳಿ, ಒಳಗೆ ಕಪ್ಪು-ಕಂದು ಗೆರೆ ಇದೆಯಾ ನೋಡಬೇಕು. ತೊಗರಿ ಬೆಳೆದವರ ಜೊತೆ ಮೊದಲೇ ಕೂತು ಮಾತಾಡಿದ್ದರೆ ಆ್ಯಪ್ ಸೀಳಿದ ಕಾಂಡದ ಫೋಟೊ ಕೇಳುತ್ತಿತ್ತು. ಅದರಲ್ಲೂ ತಿಳಿಯದಿದ್ದರೆ ‘ನನಗೆ ಗೊತ್ತಾಗುತ್ತಿಲ್ಲ, ರೈತ ಸಂಪರ್ಕ ಕೇಂದ್ರಕ್ಕೆ ಗಿಡ ಒಯ್ದು ತೋರಿಸಿ’ ಅನ್ನುತ್ತಿತ್ತು. ಎಲೆಗೆ ಹೊಡೆದ ಔಷಧದಿಂದ ನೆಟೆ ಹೋಗಲ್ಲ. ಔಷಧದ ದುಡ್ಡು ಮಾತ್ರ ಅಂಗಡಿಯ ಉದ್ರಿ ಲೆಕ್ಕಕ್ಕೆ ಬೀಳುತ್ತದೆ, ಅದನ್ನು ತೀರಿಸೋದು ಇಡೀ ಮನೆ.

ನಿಖರತೆ ಜಾಸ್ತಿ ಇದ್ದರೆ ಆಯ್ತಲ್ಲ ಅನ್ನುವವರು ಥಾಯ್ಲೆಂಡಿನ ಕಥೆ ಓದಬೇಕು. ಸಕ್ಕರೆ ಕಾಯಿಲೆಯಿಂದ ಕಣ್ಣಿಗಾಗುವ ಹಾನಿ ಪತ್ತೆಗೆ ಗೂಗಲ್ ಮಾಡಿದ ಎಐ, ಲ್ಯಾಬಿನಲ್ಲಿ ತಜ್ಞರಿಗೆ ಸರಿಸಾಟಿಯಾಗಿತ್ತು. ಅದು ಥಾಯ್ಲೆಂಡಿನ ಕ್ಲಿನಿಕ್‌ಗಳಿಗೆ ಹೋದಾಗ, ಕೋಣೆಯಲ್ಲಿ ಬೇಕಾದಷ್ಟು ಕತ್ತಲೆ ಇಲ್ಲದೆ ಕಣ್ಣಿನ ಫೋಟೊ ಸರಿ ಬರಲಿಲ್ಲ. 1,838 ಚಿತ್ರಗಳಲ್ಲಿ ಸುಮಾರು ಶೇ 21ರಷ್ಟನ್ನು ಯಂತ್ರ ನೋಡಲೇ ಒಪ್ಪಲಿಲ್ಲ ಅಂತ 2020ರಲ್ಲಿ ಸಂಶೋಧಕರೇ ಬರೆದರು. ಕಣ್ಣು ಚೆನ್ನಾಗಿದ್ದವರಿಗೂ ಇನ್ನೊಂದು ದಿನ ಬೇರೆ ಆಸ್ಪತ್ರೆಗೆ ಹೋಗಿ ಅಂತ ಹೇಳಬೇಕಾಯಿತು. ಅವತ್ತಿನ ಕೂಲಿ ಯಾರು ಕೊಡಬೇಕು?

‘ಎಐ ಏನೇ ಹೇಳಿದರೂ ಕೊನೆಗೆ ಅಧಿಕಾರಿಯೊಬ್ಬರು ನೋಡ್ತಾರೆ’ ಅನ್ನೋದನ್ನೂ ‘ಮಾನವ ಕೇಂದ್ರಿತ’ ಅನ್ನೋ ಇದೇ ಹೆಸರಲ್ಲಿ ಹೇಳುತ್ತಾರೆ. ಪಿಂಚಣಿ ಅರ್ಜಿ ರಾಶಿ ಬಿದ್ದಿರುವಾಗ ಸುಮ್ನೆ ಓಕೆ ಒತ್ತೋದು ನೋಡಿದ ಹಾಗಲ್ಲ. ಯಂತ್ರ ಹೇಳಿದ್ದನ್ನು ತಳ್ಳಿಹಾಕಲು ಅವರಿಗೆ ಪುರುಸೊತ್ತೂ ಇರಬೇಕು, ಅಧಿಕಾರವೂ ಇರಬೇಕು. ಅರ್ಜಿ ತಿರಸ್ಕಾರವಾದ ಅಜ್ಜಿಗೆ ಯಾಕೆ ಅಂತ ಕಾರಣ ಸಿಗಬೇಕು, ಮತ್ತೆ ಕೇಳಲು ಒಂದು ಬಾಗಿಲೂ ಇರಬೇಕು.