ಗಾಡಿ ಒಂದೇ, ಬಣ್ಣ ಹತ್ತು

ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನೋಡೋಕೆ ಹೋದ ವರ್ಷ ಕಲಬುರಗಿಯಿಂದ ಬೀದರ್‌ಗೆ ಹೋಗಿದ್ದೆ. ಮೊಬೈಲಿಗೆ ಬಂದ ಫೋಟೋದಲ್ಲಿ ಗಾಡಿಗೆ ನವಿಲಿನ ಕೊರಳಿನ ಬಣ್ಣ. ಎದುರಿಗೆ ನಿಂತಿದ್ದು ಬೂದಿ ಬಣ್ಣದ ಕಾರು. ಆರ್‌ಸಿ ತೆಗೆಸಿ ನೋಡಿದೆ, ಅಲ್ಲೂ 'ಗ್ರೇ' ಅಂತಲೇ ಇತ್ತು. ಮಾರುವವರು ಸುಳ್ಳು ಹೇಳಿರಲಿಲ್ಲ. ಅವರ ಅಣ್ಣನ ಮಗ ಫೋಟೋಗೆ 'ಸ್ವಲ್ಪ ಟಿಂಟ್' ಕೊಟ್ಟಿದ್ದ, ಅಂದರೆ ಇಡೀ ಫೋಟೋಗೆ ಬೇರೆ ಬಣ್ಣದ ಛಾಯೆ ಹೊದಿಸಿದ್ದ, ಅಷ್ಟೇ. ಚಹಾ ಕುಡಿದು ವಾಪಸ್ ಬಂದೆ.

ಆಯುಧ ಪೂಜೆ ದಿನ ಸ್ಟೇಟಸ್‌ಗಳನ್ನು ತಿರುವಿದರೆ ಈ ಗೋಜಲು ಎಷ್ಟಿದೆ ಅಂತ ಗೊತ್ತಾಗುತ್ತದೆ. ಒಂದೇ ಕಂಪನಿಯ ಒಂದೇ ಕೆಂಪು ಬೈಕು ಒಬ್ಬರಲ್ಲಿ ಕುಂಕುಮ, ಇನ್ನೊಬ್ಬರಲ್ಲಿ ಇಟ್ಟಿಗೆ, ಮತ್ತೊಬ್ಬರಲ್ಲಿ ಕಿತ್ತಳೆ. ಟಿಂಟ್ ಎಷ್ಟು ಬಿದ್ದಿದೆ ಅಂತ ತಿಳಿಯೋಕೆ ಗಾಡಿ ನೋಡಬೇಡಿ, ಚಕ್ರದ ಕೆಳಗಿನ ನಿಂಬೆಹಣ್ಣು ನೋಡಿ. ಅಂದಹಾಗೆ ನಮ್ಮಲ್ಲಿ ಟಿಂಟ್ ಅಂದರೆ ಬಹಳ ಜನಕ್ಕೆ ಇನ್ನೂ ಗ್ಲಾಸಿನ ಕಪ್ಪು ಫಿಲ್ಮೇ ನೆನಪಾಗುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತು ಹಾಕಿಸಿತು. ಅಲ್ಲಿಂದ ಕಾರಿನ ಫೋಟೋಗಳಲ್ಲಿ ಸೀಟಿನ ಟವೆಲ್ಲು, ನೀರಿನ ಬಾಟಲಿ ಎಲ್ಲ ಕಾಣೋಕೆ ಶುರುವಾಯ್ತು. ಆ ಟಿಂಟ್ ಹೋಯಿತು, ಈ ಟಿಂಟ್ ಬಂತು.

ಅಂಬಾಸಿಡರ್ ಪಕ್ಕ ನಿಂತು ಕಪ್ಪು-ಬಿಳುಪಿನಲ್ಲಿ ಫೋಟೋ ತೆಗೆಸಿಕೊಂಡ ಕಾಲದಲ್ಲಿ ಬಣ್ಣದ ತಕರಾರೇ ಇರಲಿಲ್ಲ. ಆಮೇಲೆ ಮಾರುತಿ 800 ಬಂತು, ಹೀರೋ ಹೋಂಡಾ ಬಂತು, ಕಲರ್ ರೀಲು ಮನೆಮನೆಗೆ ಬಂತು. ರೀಲು ಬಂದಾಗ ತಕರಾರೂ ಬಂತು. ಆ ರೀಲು ತಯಾರಾಗಿದ್ದೇ ಹಗಲಿನ ಬೆಳಕಿಗೆ, ಅಂದರೆ ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ ಸುಮಾರು 5500 ಕೆಲ್ವಿನ್‌ಗೆ. ಗ್ಯಾರೇಜಿನ ಬಲ್ಬಿನ ಕೆಳಗೆ ತೆಗೆದರೆ ಗಾಡಿ ಅರಿಶಿನ ಮೆತ್ತಿದ ಹಾಗೆ ಬರುತ್ತಿತ್ತು, ಟ್ಯೂಬ್‌ಲೈಟಿನಲ್ಲಿ ಪಾಚಿ ಹಸಿರು. ಲ್ಯಾಬಿನವರು ಪ್ರಿಂಟ್ ಹಾಕುವಾಗ ಅದನ್ನು ಆದಷ್ಟು ತೆಗೆಯುತ್ತಿದ್ದರು. ಆಗ ಟಿಂಟ್ ಅಂದರೆ ಕಲೆ ಇದ್ದ ಹಾಗೆ, ಉಜ್ಜಿ ತೆಗೆಯಬೇಕಾದದ್ದು.

ನಾನು ಕ್ಯಾಮೆರಾ ಹಿಡಿದದ್ದು ಡಿಜಿಟಲ್ ಬಂದ ಮೇಲೆ. ಬೀದಿ ತುಂಬ ಸೋಡಿಯಂ ದೀಪಗಳು ಉರಿಯುತ್ತಿದ್ದ ದಿನಗಳವು. ರಿಂಗ್ ರೋಡಿನಲ್ಲಿ ರಾತ್ರಿ ಹತ್ತರ ಮೇಲೆ ಗೆಳೆಯರ ಪಲ್ಸರ್, ಕರಿಜ್ಮಾಗಳನ್ನು ಸಾಲಾಗಿ ನಿಲ್ಲಿಸಿ ತೆಗೆಯುತ್ತಿದ್ದೆವು. ಕಣ್ಣಿಗೆ ಭಾರಿ ಚೆಂದ. ಸ್ಕ್ರೀನಿನಲ್ಲಿ ನೋಡಿದರೆ ಕೆಂಪು ಬೈಕು ಕಂದು, ನೀಲಿ ಬೈಕು ಕಪ್ಪು! ಬಿಳಿಯನ್ನು ಬಿಳಿಯಾಗಿ ತೋರಿಸೋಕೆ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಎಷ್ಟು ಎಳೆದರೂ ನೀಲಿ ಟ್ಯಾಂಕು ನೀಲಿ ಆಗಲಿಲ್ಲ, ರಸ್ತೆಯೇ ನೀಲಿ ಆಯ್ತು. ಕಾರಣ ಗೊತ್ತಾಗೋಕೆ ಬಹಳ ದಿನ ಬೇಕಾಯ್ತು. ಸೋಡಿಯಂ ದೀಪ ತನ್ನ ಬೆಳಕನ್ನೆಲ್ಲ ಹೆಚ್ಚೂಕಡಿಮೆ ಹಳದಿ-ಕಿತ್ತಳೆಯಲ್ಲೇ ಸುರಿಯುತ್ತದೆ, ಅದರಲ್ಲಿ ನೀಲಿ ಇರುವುದು ಹೆಸರಿಗೆ ಮಾತ್ರ. ದೀಪದಲ್ಲೇ ಇಲ್ಲದ ಬಣ್ಣವನ್ನು ಸಾಫ್ಟ್‌ವೇರ್ ಎಲ್ಲಿಂದ ತರಬೇಕು?

ಹಾಗಾಗಿ ಬೆಳಕನ್ನು ನಾವೇ ಒಯ್ಯೋಕೆ ಶುರು ಮಾಡಿದೆವು. ಇನ್ನೊಂದು ಬೈಕಿನ ಹ್ಯಾಲೊಜೆನ್ ಹೆಡ್‌ಲೈಟನ್ನು ಥರ್ಮಾಕೋಲ್ ಹಲಗೆಗೆ ಬಡಿಸಿ, ಅಲ್ಲಿಂದ ಟ್ಯಾಂಕಿಗೆ ತಿರುಗಿಸುವುದು. ಇಲ್ಲಾಂದ್ರೆ ದೀಪವೇ ಇಲ್ಲದ ಕಡೆ ಟ್ರೈಪಾಡ್ ಮೇಲೆ 20 ಸೆಕೆಂಡ್ ಶಟರ್ ತೆರೆದಿಟ್ಟು, ಕಪ್ಪು ಅಂಗಿ ಹಾಕಿಕೊಂಡವನೊಬ್ಬ ಟಾರ್ಚ್ ಹಿಡಿದು ಕಾರಿನ ಉದ್ದಕ್ಕೂ ನಡೆಯುವುದು. ಅವನು ಮಧ್ಯೆ ನಿಂತನೋ, ಬಾಗಿಲ ಮೇಲೆ ಬೆಳಕಿನ ಗಡ್ಡೆ ಬಿದ್ದಿತು ಅಂತಲೇ ಲೆಕ್ಕ.

ಬೆಳಕಿನ ಪಾಠ ನನಗೆ ಸರಿಯಾಗಿ ತಲೆಗೆ ಹೋಗಿದ್ದು ಮಾತ್ರ ಬೀದರ್ ಕೋಟೆಯ ಹತ್ತಿರ, ಒಂದು ಕಪ್ಪು ಬುಲೆಟ್ ತೆಗೆಯುವಾಗ. ಎಷ್ಟು ತೆಗೆದರೂ ಟ್ಯಾಂಕು ಮಸಿಯ ಮುದ್ದೆ. ಜೊತೆಗಿದ್ದವನೊಬ್ಬ ಬಿದರಿ ಕೆಲಸದ ಮನೆಯವನು. "ಕಪ್ಪಿಗೆ ಬೆಳಕು ಹೊಡೀಬ್ಯಾಡ್ರಿ, ಕಪ್ಪಿಗೆ ಏನ್ ಕಾಣಸ್ತದ ಅದಕ್ಕ ಹೊಡೀರಿ" ಅಂದ. ಬಿದರಿ ಹೂಜಿಯನ್ನು ನೋಡಿದವರಿಗೆ ಈ ಮಾತು ತಿಳಿಯುತ್ತದೆ. ಕೋಟೆಯ ಮಣ್ಣು ಸೇರಿಸಿ ಕಪ್ಪಾಗಿಸಿದ ಮೈ ಸುಮ್ನೆ ಇರುತ್ತದೆ, ಮಾತಾಡುವುದು ಬೆಳ್ಳಿ ಎಳೆ. ಬುಲೆಟ್ಟಿಗೆ ಬೆಳ್ಳಿ ಎಳೆ ಎಲ್ಲಿಂದ ತರೋದು? ಇಬ್ಬರು ಬಿಳಿ ಬೆಡ್‌ಶೀಟ್ ಬಿಗಿಯಾಗಿ ಹಿಡಿದು ಪಕ್ಕಕ್ಕೆ ನಿಂತರು. ಟ್ಯಾಂಕಿನ ಉದ್ದಕ್ಕೂ ಬಿಳಿ ಗೆರೆಯೊಂದು ಮೂಡಿತು. ಶೀಟನ್ನು ಒಂದು ಗೇಣು ಎತ್ತಿದರೆ ಗೆರೆಯೂ ಮೇಲೆ ಸರಿಯಿತು. ಸಂಜೆ ಬಿಸಿಲಿಗೆ ಕೋಟೆಯ ಕೆಂಪು ಜಂಬಿಟ್ಟಿಗೆ ಗೋಡೆ ಸೈಲೆನ್ಸರಿನ ಕ್ರೋಮ್‌ನಲ್ಲಿ ಇಳಿದಿತ್ತು. ಆ ಫೋಟೋಗೆ ಆಮೇಲೆ ಏನೂ ಮಾಡಬೇಕಾಗಲಿಲ್ಲ.

2015ರಲ್ಲಿ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ಕೇಂದ್ರದ ಯೋಜನೆ ಬಂತು. ನಿಧಾನಕ್ಕೆ ರಾತ್ರಿಗಳು ಬೆಳ್ಳಗಾದವು. ತಮಾಷೆ ಏನಂದ್ರೆ, ಬೀದಿಯಿಂದ ಕಿತ್ತಳೆ ಬಣ್ಣ ಹೋಗುವ ಹೊತ್ತಿಗೇ ಅದು ಫೋನಿನೊಳಗೆ ಬಂದು ಕೂತಿತು. 2007ರಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್, 2010ರಲ್ಲಿ ಇನ್‌ಸ್ಟಾಗ್ರಾಂ ಬಂದಿದ್ದವು. ಅದರ ಬೆನ್ನಿಗೆ ಒಂದೇ ಒತ್ತಿಗೆ ಇಡೀ ಫೋಟೋದ ಬಣ್ಣ ಬದಲಿಸುವ ಪ್ರಿಸೆಟ್‌ಗಳು. ಅದರಲ್ಲೂ 'ಟೀಲ್ ಅಂಡ್ ಆರೆಂಜ್'. ಮನುಷ್ಯನ ಚರ್ಮ ಕಿತ್ತಳೆ ಕಡೆಯ ಬಣ್ಣ, ಅದರ ಎದುರು ಬಣ್ಣ ನೀಲಿ-ಹಸಿರು, ಎರಡನ್ನೂ ಎದುರುಬದುರು ಇಟ್ಟರೆ ಮುಖ ಎದ್ದು ಕಾಣುತ್ತದೆ. ಸಿನಿಮಾದವರ ಲೆಕ್ಕ ಇದು. ಗಾಡಿಗೆ ಚರ್ಮ ಇಲ್ಲ ಅಲ್ವಾ? ಆದರೂ ಬಂತು. ಈ ಪ್ರಿಸೆಟ್‌ಗಳಲ್ಲಿ ಬಹಳಷ್ಟು ಹಸಿರನ್ನು ಹಿಂಡಿ ಹಳದಿಗೆ ತಳ್ಳುತ್ತವೆ. ಬೇವಿನ ಮರ ಒಣಗಿತು. ಶ್ರಾವಣದ ತೊಗರಿ ಹೊಲದ ಮುಂದೆ ನಿಂತ ಬೈಕು ರಾಜಸ್ಥಾನದಲ್ಲಿ ನಿಂತ ಹಾಗೆ ಕಾಣೋಕೆ ಹತ್ತಿತು.

ಹುಡುಗರನ್ನು ಬೈದು ಏನೂ ಪ್ರಯೋಜನ ಇಲ್ಲ. ಶೋರೂಮಿನಿಂದ ಗಾಡಿ ಹೊರಗೆ ಬರುವುದೇ ಮಟಮಟ ಮಧ್ಯಾಹ್ನ. ಕಲಬುರಗಿಯಲ್ಲಿ ಮೇ ಎರಡನೇ ವಾರ ಮತ್ತು ಆಗಸ್ಟ್ ಮೊದಲ ವಾರ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಕಂಬಕ್ಕೂ ನೆರಳಿರುವುದಿಲ್ಲ. ಬಾನೆಟ್ ಸುಣ್ಣದ ಬಿಳುಪು, ಟೈರಿನ ಮೇಲ್ಭಾಗ ಬಾವಿಯ ಕತ್ತಲು. ಅಂಥ ಫೋಟೋಗೆ ಟಿಂಟ್ ಹೊದಿಸಿದರೆ ಎರಡೂ ಮುಚ್ಚಿಹೋಗುತ್ತವೆ. ಸಂಜೆ ಆರರವರೆಗೆ ಕಾದರೆ ಟಿಂಟಿನ ಕೆಲಸವೇ ಇರುವುದಿಲ್ಲ, ಆದರೆ ಸ್ಟೇಟಸ್ ಅಲ್ಲಿವರೆಗೆ ಕಾಯಬೇಕಲ್ಲ. ಲೆನ್ಸಿನ ಮುಂದೆ ಪೋಲರೈಸರ್ ಅನ್ನುವ ಫಿಲ್ಟರ್ ಗಾಜು ಹಾಕಿದರೆ ಗಾಜು ಮತ್ತು ಪೇಂಟಿನ ಮೇಲಿನ ಹೊಳಪು ಇಳಿದು ಅಸಲಿ ಬಣ್ಣ ಹೊರಗೆ ಬರುತ್ತದೆ (ಕ್ರೋಮ್ ಮೇಲೆ ಅದರ ಆಟ ನಡೆಯುವುದಿಲ್ಲ), ಆದರೆ ಫೋನಿಗೆ ಅದನ್ನು ಯಾರು ಹಾಕುತ್ತಾರೆ?

ಸೆಕೆಂಡ್ ಹ್ಯಾಂಡ್ ಗಾಡಿ ನೋಡುವವರು ಈಗ ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. 'ಫಿಲ್ಟರ್ ಇಲ್ಲದ್ದು ಕಳಸ್ರಿ' ಅನ್ನುವುದು ಈಗ ರೇಟು ಕೇಳುವುದಕ್ಕಿಂತ ಮೊದಲಿನ ಮಾತು. ನಾನು ಇನ್ನೊಂದು ಸೇರಿಸುತ್ತೇನೆ. ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಬಾನೆಟ್ ಮೇಲೆ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ ಅಂತ. ಹಾಳೆ ಬೆಳ್ಳಗಿದ್ದರೆ ಗಾಡಿಯ ಬಣ್ಣವನ್ನೂ ನಂಬಬಹುದು. ಹೋದ ತಿಂಗಳು ಶಹಾಪುರದಿಂದ ಒಬ್ಬರು ಹೇಳಿದ ಹಾಗೇ ಹಾಳೆ ಇಟ್ಟು ಕಳಿಸಿದರು. ಹಾಳೆಯೂ ತಿಳಿನೀಲಿ ಇತ್ತು.