ಮೊದಲ ಸಲ ಐವತ್ತು ಟೀಶರ್ಟ್ ಸಾಕು

ಬ್ಯಾಂಡ್‌ಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಸ್ವಂತ ಹಾಡು ಕಟ್ಟಿ ಹಾಡುವವರು ಟೀಶರ್ಟ್ ಮಾಡಿಸಬೇಕು ಅಂತ ಬಂದರೆ ಮೊದಲು ಕೇಳುವುದು, ‘ಎಷ್ಟಕ್ಕೆ ಮಾರೋಣ?’ ನಾನು ಕೇಳುವುದು, ‘ಎಷ್ಟು ಮಾಡಿಸ್ತೀರಿ?’

ಒಂದು ಲೆಕ್ಕ ನೋಡಿ. ತಿರುಪ್ಪೂರಿನ 180 ಜಿಎಸ್‌ಎಂ (ಅಂದರೆ ಚದರ ಮೀಟರ್ ಬಟ್ಟೆಗೆ 180 ಗ್ರಾಂ ತೂಕದ) ಹತ್ತಿ ಟೀಶರ್ಟ್, ಪ್ರಿಂಟು, ಸಾಗಾಟ ಎಲ್ಲ ಸೇರಿ 100 ಮಾಡಿಸಿದರೆ ತಲಾ 260 ರೂಪಾಯಿ, 50 ಮಾಡಿಸಿದರೆ 300 ಬೀಳುತ್ತದೆ ಅಂದುಕೊಳ್ಳಿ. ಎಲ್ಲರ ಮನಸ್ಸೂ 260ರ ಕಡೆಗೇ ವಾಲುತ್ತದೆ. 500ಕ್ಕೆ ಮಾರಿ 60 ಹೋದವು ಅಂತಿಟ್ಟುಕೊಳ್ಳಿ. ಹಾಕಿದ್ದು 26,000, ಬಂದದ್ದು 30,000. ಲಾಭ 4,000, ಜೊತೆಗೆ ಡಬ್ಬದಲ್ಲಿ 40 ಟೀಶರ್ಟ್. ಅದೇ 50 ಮಾಡಿಸಿ ಅಷ್ಟೂ ಮಾರಿದ್ದರೆ? ಹಾಕಿದ್ದು 15,000, ಬಂದದ್ದು 25,000. ಲಾಭ ಹತ್ತು ಸಾವಿರ! ಸಿಗದೆ ವಾಪಸ್ ಹೋದವರ ಹೆಸರು, ಸೈಜು ಬರೆದಿಟ್ಟುಕೊಳ್ಳಿ, ಮುಂದಿನ ಆರ್ಡರ್ ಅವರಿಂದಲೇ ಶುರುವಾಗಲಿ.

ಎಲ್ಲ ಸೈಜೂ ಸಮ ಸಮ ತರಿಸಬೇಡಿ. ಎಂ, ಎಲ್ ಬೇಗ ಖಾಲಿಯಾಗುತ್ತವೆ. ಎಸ್, ಡಬಲ್ ಎಕ್ಸೆಲ್ ಉಳಿದುಬಿಡುತ್ತವೆ. ಡ್ರಮ್ಮರ್ ತಮ್ಮನಿಗೊಂದು, ಸೌಂಡ್ ನೋಡಿಕೊಂಡವರಿಗೊಂದು ಅಂತ ಪುಕ್ಕಟೆ ಹೋಗುವುದೂ ಇರುತ್ತೆ. ಕೊಡಿ, ಬೇಡ ಅನ್ನಲ್ಲ. ಆದರೆ ಖರ್ಚಿನಲ್ಲಿ ಬರೆಯಿರಿ. ಐದು ಕೊಟ್ಟರೆ 1,500 ರೂಪಾಯಿ ಆಯ್ತಲ್ವಾ?

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್, ಅದಕ್ಕೆ ಬೇರೆ ದುಡ್ಡು. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರದಲ್ಲಿ ನಿಮ್ಮದೇ ಹಾಡಿನ ಒಂದು ಸಾಲು ಇದ್ದರೆ ನೋಡುವುದಕ್ಕೂ ಚೆನ್ನ, ಜೇಬಿಗೂ ಹಗುರ.

ಆ ಸಾಲು ಕನ್ನಡದಲ್ಲಿದ್ದರೆ ಒಂದು ಅಪಾಯವಿದೆ. ಕನ್ನಡಕ್ಕೆ ಸೆಟ್ ಆಗಿರದ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದರೆ ಒತ್ತಕ್ಷರ ಒಡೆಯುತ್ತದೆ. ‘ಶಕ್ತಿ’ ಹೋಗಿ ‘ಶಕ್‌ತಿ’ ಆಗುತ್ತದೆ. ತಿರುಪ್ಪೂರಿನ ಪ್ರಿಂಟರ್‌ಗೆ ಕನ್ನಡ ಓದಲು ಬರದಿದ್ದರೆ ಅವರಿಗೆ ತಪ್ಪು ಕಾಣುವುದೇ ಇಲ್ಲ. ಐವತ್ತೂ ಹಾಗೇ ಅಚ್ಚಾಗಿ ಬರುತ್ತವೆ. ಕನ್ನಡದ ಬ್ಯಾಂಡ್ ಎದೆಯ ಮೇಲೆ ಕನ್ನಡವೇ ಕೆಟ್ಟಿದ್ದರೆ ನನಗಂತೂ ಹೊಟ್ಟೆ ಉರಿಯುತ್ತದೆ. ಅಕ್ಷರಗಳನ್ನು ಔಟ್‌ಲೈನ್‌ಗೆ, ಅಂದರೆ ಫಾಂಟ್ ಬೇಡದ ಚಿತ್ರದ ರೂಪಕ್ಕೆ, ಬದಲಾಯಿಸಿ ಕಳಿಸಿ. ಮೊದಲ ಪೀಸಿನ ಫೋಟೊ ತರಿಸಿ, ಕನ್ನಡ ಚೆನ್ನಾಗಿ ಬಲ್ಲವರಿಗೆ ತೋರಿಸಿ, ಆಮೇಲೆ ಉಳಿದದ್ದಕ್ಕೆ ಹೂಂ ಅನ್ನಿ.

ಶೋದಲ್ಲಿ ಟೀಶರ್ಟ್ ಮಾರುವ ಟೇಬಲ್ ಇರಬೇಕಾದದ್ದು ಹೊರಗೆ ಹೋಗುವ ಬಾಗಿಲ ಹತ್ತಿರ. ಕೊನೆಯ ಹಾಡಿಗೆ ಮೊದಲು ಹಾಡುಗಾರರೇ ಮೈಕಲ್ಲಿ ಹೇಳಲಿ, ಶೋ ಮುಗಿದ ಕೂಡಲೇ ಟೇಬಲ್ ಹತ್ತಿರ ಬಂದು ನಿಲ್ಲಲಿ. ಬೆಲೆ ದೊಡ್ಡದಾಗಿ ಬರೆದಿರಲಿ, ಕ್ಯೂಆರ್ ಕೋಡ್ ಮೇಲೆ ಬೆಳಕಿರಲಿ. 500 ಕೊಡಲಾಗದ ಕಾಲೇಜು ಹುಡುಗರಿಗೆ 50 ರೂಪಾಯಿಯ ಸ್ಟಿಕ್ಕರ್ ಇಡಿ. ಜಾಗದವರು ಮಾರಾಟದಲ್ಲಿ ಪಾಲು ಕೇಳುತ್ತಾರಾ ಅನ್ನುವುದನ್ನು ಬುಕಿಂಗ್ ದಿನವೇ ಕೇಳಿ.

ಆನ್‌ಲೈನ್‌ನಲ್ಲಿ ಲೆಕ್ಕ ಬೇರೆ. ಬ್ಯಾಂಡ್‌ಗಳು ಹಾಡು, ಟೀಶರ್ಟ್ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್ ಇಂಥ ಸಾಮಾನಿನ ಮೇಲೆ ಶೇ 10 ಹಿಡಿಯುತ್ತದೆ, ಪೇಮೆಂಟ್ ಶುಲ್ಕ ಅದರ ಮೇಲೆ. ಇನ್ನು ಜಿಎಸ್‌ಟಿ. ಕರ್ನಾಟಕದೊಳಗೆ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಬೇಡ. ಶೋ ಸಂಭಾವನೆಯೂ ಸೇರಿದರೆ ಆ ಮಿತಿ 20 ಲಕ್ಷ. ಹೊರರಾಜ್ಯಕ್ಕೆ ಟೀಶರ್ಟ್ ಮಾರುವುದಾದರೆ ಮಿತಿಯ ಮಾತೇ ಇಲ್ಲ, ನೋಂದಣಿ ಬೇಕೇ ಬೇಕು. ತಮಿಳುನಾಡಿನ ಹೊಸೂರಿನ ಅಭಿಮಾನಿಗೆ ಒಂದೇ ಒಂದು ಕೊರಿಯರ್ ಮಾಡಿದರೂ ಅದು ಅಂತರರಾಜ್ಯ ಮಾರಾಟವೇ. ಅಂಗಡಿ ತೆರೆಯುವ ಮೊದಲೇ ಆಡಿಟರ್ ಹತ್ತಿರ ಕೂತು ಮಾತಾಡಿ.